ಅಣ್ಣನ ತೂಕಕ್ಕೂ ಬಾರದಾನ

1987ರ ಫೆಬ್ರವರಿ, ಎರಡನೇ ಸೋಮವಾರ, ಬೆಳಗ್ಗೆ ಏಳು ಗಂಟೆ. ಆಳಂದದಲ್ಲಿ ರೈತರ ಕಾಳು ತೂಗಿ ಮಾರಿಸುವ ಅಣ್ಣನ ಅಡತಿ ಅಂಗಡಿ. ಹಾಜರಿದ್ದವರು ಅಣ್ಣ, ಅವನ ಹೆಂಡತಿ ವೈನಿ, ಹಿರಿಯ ಹಮಾಲ ಮತ್ತು ನಾನು. ತೂಗಬೇಕಾದದ್ದು ತೊಗರಿಯನ್ನಲ್ಲ, ಅಣ್ಣನನ್ನು.

ಅವನಿಗೆ ಹರ್ನಿಯಾ. ಕೆಮ್ಮಿದರೂ ನೋವು. ಬೊಜ್ಜು ಇಳಿಯದೆ ಆಪರೇಷನ್ ಇಲ್ಲವೆಂದು ಗುಲಬರ್ಗಾದ ಡಾಕ್ಟರು ಹೇಳಿದ್ದರು. ಆಗ ತೊಂಬತ್ತಮೂರು ಕೆ.ಜಿ. ಇದ್ದ, ಈ ಸೋಮವಾರದೊಳಗೆ ಎಂಬತ್ತೈದಕ್ಕೆ ಇಳಿದರೆ ಮುಂದಿನ ಸೋಮವಾರ ಆಪರೇಷನ್. ನಾನು ಸರಕಾರಿ ದವಾಖಾನೆಯ ನರ್ಸು. ವಾರಕ್ಕೊಮ್ಮೆ ತೂಗಿ ಬರೆದಿಡಲು ಅವನಿಗೊಂದು ನೋಟ್‌ಬುಕ್ಕು ಕೊಟ್ಟಿದ್ದೆ. ಅದರಲ್ಲಿ ತೂಕ ಚೆಂದವಾಗಿ ಇಳಿಯುತ್ತ ಬಂದಿತ್ತು. ನಾನು ಎದುರಿಗೆ ನಿಂತು ನೋಡಿದ್ದು ಆ ದಿನವೇ ಮೊದಲು.

ಬನಿಯನ್, ಧೋತರದಲ್ಲಿ ಅಣ್ಣ ಚೀಲ ತೂಗುವ ಕಾಂಟಾ ಹತ್ತಿದ.

"ಎಂಬತ್ತೇಳು, ಸಾವ್ಕಾರ್ರ" ಎಂದ ಹಮಾಲ.

"ಎಂಬತ್ತೈದು ಬರಿ."

"ಎರಡು ಎಲ್ಲಿ ಹೋತು ಅಣ್ಣಾ?" ಎಂದೆ.

"ಬಾರದಾನ ಕಡೀಬೇಕಲ್ಲ ತಂಗೀ."

ಕಾಳು ತೂಗುವಾಗ ಖಾಲಿ ಚೀಲಕ್ಕೆಂದು ಕಳೆಯುವ ತೂಕವೇ ಬಾರದಾನ. ಇಪ್ಪತ್ತು ವರ್ಷ ಚೀಲ ತೂಗಿದವನು ತನ್ನನ್ನೂ ಹಾಗೇ ತೂಗಿಕೊಂಡಿದ್ದ. ಕಪಟವೇನೂ ಇರಲಿಲ್ಲ. ವೈನಿಯಿಂದ ಇನ್ನೊಂದು ಧೋತರ ತರಿಸಿ ಸಣ್ಣ ತಕ್ಕಡಿಗೆ ಹಾಕಿದೆ. ನಾನೂರು ಗ್ರಾಂ. ಡಾಕ್ಟರು ತೂಗಿದಾಗಲೂ ಧೋತರ ಮೈಮೇಲಿತ್ತಾದ್ದರಿಂದ ಅದನ್ನೂ ಕಳೆಯುವಂತಿರಲಿಲ್ಲ.

"ಚೀಲಾ ಭಾಳ ತುಂಬೇದವ್ವ" ಎಂದರು ವೈನಿ. "ಸಂಜೀಗಿ ಐದು ಹೊಡದ್ರ ಮಿರ್ಚಿ ಭಜಿ."

"ಎಂಟು ತಿಂತಿದ್ದೆ, ನಾಕಕ್ಕ ತಂದೀನಿ" ಎಂದ ಅಣ್ಣ.

"ಪ್ಲೇಟಿಗಿ ನಾಕು. ಪ್ಲೇಟ್ ಎಷ್ಟು, ಹೇಳ್ರಿ."

ಅದು ತೊಗರಿ ಸುಗ್ಗಿ. ಮಾಲು ತಂದ ಪ್ರತಿ ರೈತನಿಗೂ ಬಸ್ ಸ್ಟ್ಯಾಂಡಿನ ತಳ್ಳುಗಾಡಿಯಿಂದ ಭಜಿ ತರಿಸುವುದು ಅಂಗಡಿಯ ರೂಢಿ.

"ಬಂದವರ ಮುಂದ ಪ್ಲೇಟ್ ಇಟ್ಟು ನಾ ಅವರ ಬಾಯಿ ನೋಡ್ಕೋತ ಕುಂಡ್ರಲೇನು?"

ನಾನೂ ಆ ಭಜಿ ತಿಂದವಳೇ, ರುಚಿಗೆ ಕುಂದು ಹೇಳುವುದಿಲ್ಲ. ಆದರೆ ನಮ್ಮ ಅಪ್ಪ ಬಂದವರಿಗೆ ಮಜ್ಜಿಗೆ ಕೊಡುತ್ತಿದ್ದ; ಗಾಡಿಗಳು ಬಂದ ಮೇಲೆ ಉಪಚಾರವೆಂದರೆ ಕರಿದದ್ದು ಎಂದಾಯಿತು. ನಸುಕಿನಲ್ಲಿ ನಡೆದು ಇಳಿಸಿದ್ದನ್ನು ಅಣ್ಣ ಸಂಜೆ ಅರ್ಧ ತುಂಬಿಕೊಳ್ಳುತ್ತಿದ್ದ.

"ಎಂಬತ್ತೈದಂದ್ರ ಡಾಕ್ಟರಿಗೇನು ಗೊತ್ತಾಗ್ತದ?"

"ಅಲ್ಲೂ ಕಾಂಟಾ ಅದ ಅಣ್ಣಾ. ಅವರು ಬಾರದಾನ ಕಡಿಯಂಗಿಲ್ಲ."

ಅಣ್ಣ ಕಾಂಟಾದಿಂದ ಇಳಿದ.

ಡ್ಯೂಟಿ ಮುಗಿಸಿ ಐದಕ್ಕೆ ಮತ್ತೆ ಹೋದೆ. ಕಿಣ್ಣಿ ಸುಲ್ತಾನ ಊರಿನ ರೈತನೊಬ್ಬ ಭಜಿ ತಿನ್ನುತ್ತಿದ್ದ. ಅಣ್ಣನ ಮುಂದೆ ಸೌತೆಕಾಯಿ, ಹಸಿ ಮೆಂತ್ಯದ ಸೊಪ್ಪು.

"ಏನ್ರಿ ಸಾವ್ಕಾರ್ರ, ದನಕ್ಕ ಹಾಕಿದಂಗ ಹಾಕ್ಯಾರ ನಿಮಗ."

"ಹಾಕ್ಲಿ ಬಿಡೋ. ಹಾಲು ಕೊಡು ಅಂದಿಲ್ಲಲ್ಲ."

ರೈತ ಹೋದ ಮೇಲೆ ಅಣ್ಣ ಅಂಚೆ ಕಾರ್ಡು ತೆಗೆದ. ತೂಕ ಇನ್ನೂ ಎರಡು ಕೆ.ಜಿ. ಇಳಿಯಬೇಕಿದೆ, ಮುಂದಿನ ತಿಂಗಳು ದಿನ ಕೊಡಬೇಕು ಎಂದು ತಾನೇ ಡಾಕ್ಟರಿಗೆ ಬರೆದು ಸಹಿ ಹಾಕಿದ. ಅಂಚೆ ಡಬ್ಬಿಯ ಟಪಾಲು ತೆಗೆಯುವುದು ಆರಕ್ಕೆ. ಐದೂ ಐವತ್ತಕ್ಕೆ ನಾನು ಕಾರ್ಡು ಹಾಕಿ ಬಂದೆ.