ಗಟಾರದ ಹೂಳು, ಸೀನೀರಿನ ಬಾವಿ

ಬಾವಿಯನ್ನು ಕೆಡಿಸಿದ ಆ ಮಳೆ ದಸರೆಗೆ ಮುಂಚಿನದಾಗಿರಲಿಕ್ಕಿಲ್ಲ. ಹೊತ್ತು ಮಧ್ಯಾಹ್ನ ಎಂದು ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ, ಅದೂ ನಾನೇ ಆಮೇಲೆ ಸೇರಿಸಿಕೊಂಡದ್ದಿರಬಹುದು. ಖಚಿತವಾಗಿ ಹೇಳಬಲ್ಲದ್ದು ಇಷ್ಟೇ: ಸಂಸ್ಥಾನ ವಿಲೀನವಾಗಿ ನಾಲ್ಕೈದು ವರ್ಷವಾಗಿತ್ತು. ಜತ್ತ ತಾಲೂಕಿನ ಒಂದು ಸಣ್ಣ ಪೇಟೆಯೂರಿನ ಮುನ್ಸಿಪಾಲಿಟಿಯಲ್ಲಿ ನಾನು ಓವರಸಿಯರ್ ಆಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ರಸ್ತೆ, ಗಟಾರ, ಬಾವಿ ಮೂರೂ ನನ್ನ ಕೆಲಸ.

ರಸ್ತೆಗೆ ಹಾಕುವ ಗರಸು, ಅಂದರೆ ಜಲ್ಲಿಮಣ್ಣು, ವಳಸಂಗದ ಕಡೆಯಿಂದ ಚಕ್ಕಡಿಯಲ್ಲಿ ಬರಬೇಕು. ನಮ್ಮ ಬಜೆಟ್ಟಿನಲ್ಲಿ ಬರುತ್ತಿದ್ದ ಗರಸು ಪೇಟೆಯ ಒಂದು ಬೀದಿಗೆ ಸಾಕಾಗುತ್ತಿತ್ತು. ಹಿಂದಿನ ಓಣಿಗಳಲ್ಲಿ ಮೊಣಕಾಲುದ್ದ ತಗ್ಗುಗಳು. ಗಟಾರ ಇರುವುದು ಮಳೆನೀರಿಗೆ ಎಂಬುದನ್ನು ಜನ ಮರೆತೇಬಿಟ್ಟಿದ್ದರು, ಮಳೆ ಬಂದರಲ್ಲವೇ. ಅದರಲ್ಲಿ ಬಚ್ಚಲ ನೀರು, ಸೆಗಣಿ, ಸತ್ತ ಹೆಗ್ಗಣ. ಅದರ ದಂಡೆಯ ಮೇಲೆಯೇ ಬೆಳಿಗ್ಗೆ ಓಣಿಯ ಮಕ್ಕಳೆಲ್ಲ ಕುಕ್ಕರಗಾಲಲ್ಲಿ. ವರ್ಷಕ್ಕೊಮ್ಮೆ ಹೂಳು ತೆಗೆಸುತ್ತಿದ್ದೆವು. ತೆಗೆದದ್ದನ್ನು ಊರ ಹೊರಗೆ ಸಾಗಿಸಲು ಮತ್ತೆ ಚಕ್ಕಡಿ ಬೇಕು.

ನನಗೊಂದು ಉಪಾಯ ಹೊಳೆಯಿತು. ಹೂಳನ್ನು ದಂಡೆಯ ಮೇಲೆ ಎಂಟು ದಿನ ಒಣಗಿಸಿ, ಒಡೆದು, ಅದೇ ಓಣಿಯ ತಗ್ಗಿಗೆ ತುಂಬಿ ದಮ್ಮಸ್ಸು ಮಾಡುವುದು. ಗಟಾರವೂ ಸ್ವಚ್ಛ, ರಸ್ತೆಯೂ ಸಪಾಟು. ಸಭೆಯಲ್ಲಿ ಇದನ್ನು ವೈಜ್ಞಾನಿಕ ಎಂದು ಕರೆದೆ. ಸದಸ್ಯರು ಮೇಜು ಕುಟ್ಟಿದರು. ಆಗ ನನಗೆ ಇಪ್ಪತ್ತಾರು ವರ್ಷ.

ಝಾಡು ಹೊಡೆಯುವವರ ಮೇಸ್ತ್ರಿ, ಮುಕಾದಮ ಸತ್ತೆಪ್ಪ ಮಾತ್ರ ಸಲಿಕೆ ಊರಿ ನಿಂತ.

“ಸಾಹೇಬ್ರ, ಇದು ಮಣ್ಣಲ್ರಿ. ಒಣಗಿದ ಕೂಡ್ಲೆ ಮಣ್ಣ ಆಗಂಗಿಲ್ಲ.”

“ಬಿಸಿಲಿಗೆ ಎಲ್ಲಾ ಮಣ್ಣ ಆಗ್ತದೋ.”

“ಮಳಿ ಬಂದ್ರ?”

“ನಮ್ಮ ಕಡಿ ಮಳಿ ಎಲ್ಲದಪಾ?”

ಅವನ ಹಿಂದೆ ಬುಟ್ಟಿ ಹೊತ್ತಿದ್ದ ಹೆಂಗಸೊಬ್ಬಳು ನನಗೆ ಕೇಳಲೆಂದೇ ಅಂದಳು: “ಓವರಸಿಯರ್ ಸಾಹೇಬ್ರು ಹೇಲಿಗೂ ಬಡತಿ ಕೊಟ್ರು ನೋಡ್ರಿ. ಗಟಾರದಾಗಿಂದ ರಸ್ತಾಕ್ಕ.” ಎಲ್ಲರೂ ನಕ್ಕರು. ನಾನೂ ನಕ್ಕೆ.

ಬೇಸಿಗೆಯೆಲ್ಲ ಆ ಓಣಿಗಳ ಧೂಳು ಎದ್ದು ಜನರ ರೊಟ್ಟಿಯ ಮೇಲೆ ಕೂತಿತು. ಅದು ಏತರ ಧೂಳು ಎಂದು ನನಗೆ ಗೊತ್ತಿತ್ತು. ಆ ಓಣಿಗಳ ಮನೆಗಳಲ್ಲಿ ನಾನು ಚಹ ಮುಟ್ಟುತ್ತಿರಲಿಲ್ಲ.

ಕುರುಬರ ಓಣಿ ಇಳಿಜಾರಿನದು. ಅದರ ತಳದಲ್ಲಿ ಸೀನೀರಿನ ಬಾವಿ. ಸುತ್ತಲಿನ ಬಾವಿಗಳೆಲ್ಲ ಸವಳು, ಕುಡಿಯಲು ಅದೊಂದೇ. ಕೊನೆಗೆ ಬಂದ ಆ ಮಳೆ ಒಂದೂವರೆ ತಾಸು ಬಿತ್ತು. ನಾನು ಹೋಗುವಷ್ಟರಲ್ಲಿ ತಗ್ಗುಗಳಿಗೆ ತುಂಬಿದ್ದೆಲ್ಲ ಕರಗಿ ಕಪ್ಪು ಅಂಬಲಿಯಾಗಿ, ಗಟಾರ ಕಟ್ಟಿಕೊಂಡು, ಬಾವಿಯ ಕಟ್ಟೆ ಕುಸಿದಿದ್ದ ಕಡೆಯಿಂದ ಒಳಗೆ ಇಳಿಯುತ್ತಿತ್ತು. ಸತ್ತೆಪ್ಪನ ಮಂದಿ ಬರಿಗೈಯಲ್ಲಿ ಕಲ್ಲು ಅಡ್ಡ ಇಡುತ್ತಿದ್ದರು. ನಾನು ಮುನ್ಸಿಪಾಲಿಟಿ ಅಧ್ಯಕ್ಷರಿಗೆ ಹೇಳಿ ಕಳಿಸಿದೆ.

ಅಧ್ಯಕ್ಷರು ಧೋತರ ಎತ್ತಿ ಹಿಡಿದು ಬಂದರು. ಬಾವಿಗೆ ಹಾಕುವ ಪೊಟ್ಯಾಸಿಯಂ ಪರ್ಮಾಂಗನೇಟನ್ನು ಜನ ಕೆಂಪು ಔಷಧ ಎನ್ನುತ್ತಿದ್ದರು. “ಕೆಂಪ ಔಷಧ ಹಾಕಿಸಿ ಬಿಡ್ರಿ,” ಎಂದರು. “ಬಾವಿ ಬಂದ್ ಮಾಡಿದ್ರ ಮಂದಿ ಯಾಕಂತ ಕೇಳ್ತಾರ. ನೀವು ಏನ ಹೇಳಾವ್ರು?”

ಔಷಧ ಹಾಕಿಸಿದೆ, ಬಾವಿ ಮುಚ್ಚಿಸಲಿಲ್ಲ. ಮರುದಿನ ಗಂಗವ್ವ ಎಂಬ ಮುದುಕಿ ಕೊಡ ಹಿಡಿದು ಬಾವಿಯ ಬಳಿ ನನ್ನನ್ನು ತಡೆದಳು.

“ತಮ್ಮಾ, ಮನ್ಯಾಗ ಬಾಣಂತಿ ಅದಾಳ. ಈ ನೀರು ಕುಡೀಬಹುದೇನಪಾ?”

ಐದನೆಯ ದಿನ ಅವಳ ಸೊಸೆ, ಆ ಬಾಣಂತಿ ಮಲ್ಲವ್ವ, ವಾಂತಿ ಭೇದಿಯಾಗಿ ಸತ್ತಳು. ಕೂಸನ್ನು ದರಿಬಡಚಿ ಊರಿನ ಅದರ ಸೋದರತ್ತೆ ಒಯ್ದಳು. ಓಣಿಯಲ್ಲಿ ಇನ್ನೂ ಹಲವರು ಭೇದಿಯಾಗಿ ಮಲಗಿದ್ದರು, ಎದ್ದರು. ಡಾಕ್ಟರರು ಬರೆದದ್ದು ಬಾಣಂತಿ ಸನ್ನಿ ಎಂದು. ಆಮೇಲೆ ನಾನು ಬಾವಿ ಮುಚ್ಚಿಸಿ, ಎತ್ತು ಕಟ್ಟಿ ಕಪಿಲೆ ಹೂಡಿಸಿ ತಳ ಕಾಣುವವರೆಗೆ ನೀರು ತೆಗೆಸಿದೆ. ತುಂಬಿದ ತಗ್ಗುಗಳನ್ನು ಅಗೆಸಿ, ಹೂಳನ್ನು ಚಕ್ಕಡಿಯಲ್ಲಿ ಊರ ಹೊರಗೆ ಸಾಗಿಸಿದೆ. ಇಲ್ಲವೆಂದಿದ್ದ ಚಕ್ಕಡಿಗಳು ಆಗ ಸಿಕ್ಕವು.

ಗಟಾರದಿಂದ ತೆಗೆದದ್ದು ಊರು ದಾಟಬೇಕು: ನೌಕರಿ ನನಗೆ ಕಲಿಸಿದ್ದು ಇದು. ಇಷ್ಟನ್ನು ಕಲಿಯಲು ನೌಕರಿ ಬೇಕಿರಲಿಲ್ಲ. ಬುಟ್ಟಿ ಹೊತ್ತ ಹೆಂಗಸಿಗೆ ಅದು ಮೊದಲೇ ಗೊತ್ತಿತ್ತು.

ಮೇಲಿನವರಿಗೆ, ಅಲ್ಲಿಯ ಕಚೇರಿಗಳ ರೂಢಿಯಂತೆ ಮರಾಠಿಯಲ್ಲಿ, ವರದಿ ಬರೆದೆ. ಆ ನೀರು ಕುಡಿಯಬಾರದೆಂದು ಜನರಿಗೆ ಎಚ್ಚರಿಕೆ ಕೊಡಲಾಗಿತ್ತು ಎಂದು ಅದರಲ್ಲಿದೆ. ಎರಡು ದಿನ ಕುಡಿಯಬೇಡ ಎಂದು ಗಂಗವ್ವನಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ, ನನ್ನದೇ ದನಿಯಲ್ಲಿ. ಆದರೆ ಕೇಳಿಸುವುದು ಮರಾಠಿಯಲ್ಲಿ, ವರದಿಯ ಮಾತಿನಲ್ಲಿ. ಆ ಮುದುಕಿಯ ಜೊತೆ ನಾನು ಎಂದೂ ಮರಾಠಿ ಆಡಿದವನಲ್ಲ.

ಅವಳು ಆಮೇಲೂ ಬಹಳ ವರ್ಷ ಬದುಕಿದ್ದಳು. ಕಂಡಾಗಲೆಲ್ಲ “ಚಲೋ ಇದ್ದೀಯೇನಪಾ” ಎನ್ನುತ್ತಿದ್ದಳು. ಅಂದು ನಾನು ಏನೆಂದೆ ಎಂದು ಕೇಳಿದ್ದರೆ ಹೇಳುತ್ತಿದ್ದಳು. ಕೇಳಲಿಲ್ಲ. ಮಲ್ಲವ್ವ ಸತ್ತದ್ದು ಸನ್ನಿಯಿಂದಲೋ ಆ ನೀರಿನಿಂದಲೋ, ನನಗೆ ಗೊತ್ತಿಲ್ಲ. ಅದನ್ನು ಕುಡಿಯಿರಿ ಎಂದವನು ನಾನೇ ಏನೋ, ಅದೂ ಗೊತ್ತಿಲ್ಲ.