ಏಳು ಕ್ವಿಂಟಲಿನ ಗ್ರಾಫಿಕ್ಸ್ ಕಾರ್ಡು

ಹೊನ್ನವಳ್ಳಿಯ ನಮ್ಮ ಮನೆಯಲ್ಲಿ ದೊಡ್ಡ ವಸ್ತುವಿನ ಬೆಲೆಯನ್ನು ರೂಪಾಯಿಯಲ್ಲಿ ಹೇಳುವ ಪದ್ಧತಿ ಇರಲಿಲ್ಲ. ಫ್ರಿಜ್ಜು ಎರಡೂವರೆ ಕ್ವಿಂಟಲ್ ಕೊಬ್ಬರಿ, ಸ್ಕೂಟರು ಎಂಟು ಕ್ವಿಂಟಲ್, ನನ್ನ ಮದುವೆಗೆಂದು ತಂದ ರೇಷ್ಮೆ ಸೀರೆ ಒಂದೂಕಾಲು. ಹಾಗಾಗಿ ಬೆಂಗಳೂರಿನ ಅಂಗಡಿಯವನು ಫೋನಿನಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಇಪ್ಪತ್ತೆಂಟು ಸಾವಿರ ಅಂದಾಗ ಚಿಕ್ಕಪ್ಪ ರಿಸೀವರನ್ನು ಅಂಗೈಯಿಂದ ಮುಚ್ಚಿಕೊಂಡು, "ಏಳು ಕ್ವಿಂಟಲ್ ಕಣೇ!" ಅಂದ. ಅವನ ದನಿಯಲ್ಲಿ ಗಾಬರಿಗಿಂತ ಭಕ್ತಿ ಹೆಚ್ಚಿತ್ತು.

ಎರಡು ಸಾವಿರದ ಮೂರೋ ನಾಲ್ಕೋ ಇಸವಿ. ನನ್ನ ಕಂಪ್ಯೂಟರ್ ಕೋರ್ಸಿಗೆಂದು ತಿಪಟೂರಿನಲ್ಲಿ ಜೋಡಿಸಿ ತಂದ ಕಂಪ್ಯೂಟರಿನಲ್ಲಿ ಪಾಠವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನಡೆಯುತ್ತಿತ್ತು. ಕಾರ್ ರೇಸಿನ ಹುಚ್ಚು ಮೊದಲು ಹಿಡಿದದ್ದು ನನಗೆ, ತಲೆಗೇರಿದ್ದು ಚಿಕ್ಕಪ್ಪನಿಗೆ. ನಲವತ್ತು ದಾಟಿದ ತೋಟದ ಯಜಮಾನ, ತಿರುವು ಬಂದಾಗ ಕುರ್ಚಿಸಮೇತ ವಾಲುತ್ತಿದ್ದ. ಒಮ್ಮೆ ಬಿದ್ದೂ ಬಿದ್ದ. ಆಮೇಲೆ ಹೊಸ ರೇಸಿನ ಸಿಡಿ ತಂದು ಹಾಕಿದೆವು ನೋಡಿ, ನಮ್ಮ ಕಂಪ್ಯೂಟರಿಗೆ ಏದುಸಿರು ಬಂತು. ಸೆಕೆಂಡಿಗೆ ಅರವತ್ತು ಚಿತ್ರ ತೋರಿಸಬೇಕಾದ ಕಡೆ ಹತ್ತು ತೋರಿಸಿ ಸುಸ್ತಾಗುತ್ತಿತ್ತು. ನಮ್ಮ ಕಾರು ನಿಂತು ನಿಂತು ಹೋಗುವಷ್ಟರಲ್ಲಿ ಉಳಿದವರೆಲ್ಲ ಗೆದ್ದು ಮನೆಗೆ ಹೋಗಿರುತ್ತಿದ್ದರು. ಚಿತ್ರಗಳನ್ನು ಸರಸರನೆ ಮೂಡಿಸುವ ಒಳ್ಳೆಯ ಗ್ರಾಫಿಕ್ಸ್ ಕಾರ್ಡು ಹಾಕಿಸದೆ ಗತಿಯಿರಲಿಲ್ಲ.

ನನಗಂತೂ ಅವಸರವಿತ್ತು. ಮೂರು ತಿಂಗಳಿಗೆ ನನ್ನ ಮದುವೆ. ಹೋಗುವ ಮನೆ ದಂಡಿನಶಿವರದಲ್ಲಿ. ಅಲ್ಲಿ ಕಂಪ್ಯೂಟರೂ ಇರಲಿಲ್ಲ, ಪಕ್ಕದಲ್ಲಿ ಕೂತು ಬ್ರೇಕು ಹಾಕೆಂದು ಕಿರುಚುವ ಚಿಕ್ಕಪ್ಪನೂ ಇರುತ್ತಿರಲಿಲ್ಲ. "ನೀನು ಹೋಗೋದ್ರೊಳ್ಗೆ ಆ ಆಟ ಆಡಿಸ್ದೆ ಕಳ್ಸಾಕಿಲ್ಲ ಕಣವ್ವ" ಎಂದು ಅವನೇ ಮಾತು ಕೊಟ್ಟಿದ್ದ. ನನಗೆ ಒಡವೆಗಿಂತ ಅದೇ ದೊಡ್ಡದಾಗಿತ್ತು.

ಆದರೆ ಚಿಕ್ಕಪ್ಪ ಕೊಬ್ಬರಿ ಮಾರುವ ಮನುಷ್ಯ. ಅಟ್ಟದ ಮೇಲಿನ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಿದೆಯೇ ಎಂದು ಕೇಳಿಸಿಕೊಂಡು, ಆಮೇಲೂ ರೇಟು ಬರಲೆಂದು ಕಾಯುತ್ತಿದ್ದ. ಮನೆ ಬಾಗಿಲಿಗೇ ಬಂದು ಕಮ್ಮಿ ರೇಟಿಗೆ ಕೇಳುವ ವ್ಯಾಪಾರಿಯ ಟೆಂಪೋ ಸದ್ದು ಕೇಳಿದರೆ ಹಿತ್ತಿಲಿಗೆ ಜಾರಿಕೊಳ್ಳುತ್ತಿದ್ದ. ರೇಟು ತಪ್ಪಿ ಮಾರಿದವನಲ್ಲ ಎಂಬುದು ಊರಲ್ಲಿ ಅವನಿಗಿದ್ದ ಹೆಸರು.

ಕಾರ್ಡಿನ ವಿಷಯದಲ್ಲೂ ಕಾದ. ಮೊದಲ ತಿಂಗಳು ಪವಾಡವೇ ನಡೆಯಿತು. ತಿಪಟೂರಿನ ಹರಾಜಿನಲ್ಲಿ ಕೊಬ್ಬರಿ ಏರಿತು, ಬೆಂಗಳೂರಿನಲ್ಲಿ ಕಾರ್ಡು ಇಳಿಯಿತು. ಏಳು ಕ್ವಿಂಟಲಿನದು ಆರಾಯಿತು, ಆರು ಐದೂವರೆಯಾಯಿತು. ನಾನು ಕಂಪ್ಯೂಟರ್ ಮ್ಯಾಗಜಿನ್ನಿನ ಪಟ್ಟಿ ಮುಂದಿಟ್ಟುಕೊಂಡು ಯಾವ ಕಾರ್ಡು ಕ್ವಿಂಟಲಿಗೆ ಎಷ್ಟು ಚಿತ್ರ ಕೊಡುತ್ತದೆ ಎಂದು ಲೆಕ್ಕ ಹಾಕಿದೆ. ಪ್ರಪಂಚದಲ್ಲಿ ಬೇರೆ ಯಾರೂ ಆ ಲೆಕ್ಕ ಹಾಕಿರಲಾರರು. ಹರಾಜಿನ ದಿನ ಚಿಕ್ಕಪ್ಪ ಬಸ್ಸಿಳಿದು ಬೆರಳೆತ್ತಿ ರೇಟು ತೋರಿಸುತ್ತಾ ಬರುತ್ತಿದ್ದ, ನಾನು ಜಗಲಿಯಲ್ಲೇ ಕುಣಿಯುತ್ತಿದ್ದೆ.

"ಈಗ ತಂದ್ಬುಡಾನ ಚಿಕ್ಕಪ್ಪ."

"ಸುಮ್ಕಿರೇ, ಇನ್ನೊಂದು ಹರಾಜು ಕಳೀಲಿ. ಐದಕ್ಕೆ ಬತ್ತದೆ."

"ಇಬ್ಬರಿಗೂ ಬುದ್ಧಿ ನೆಟ್ಟಗಿಲ್ಲ" ಎಂದು ಚಿಕ್ಕಮ್ಮ ಒಳಗಿಂದಲೇ ಬೈಯುತ್ತಿದ್ದಳು.

ಐದಕ್ಕೆ ಬಂತು. ನಾಲ್ಕೂಮುಕ್ಕಾಲಿಗೂ ಬಂತು. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನಗೂ ಆಸೆ ಹತ್ತಿಕೊಂಡು, ನಾಲ್ಕಕ್ಕೆ ಬರಲಿ ಎಂದು ನಾನೂ ತಲೆಯಾಡಿಸಿದ್ದೆ.

ಮದುವೆಗೆ ಹನ್ನೊಂದು ದಿನವಿದ್ದಾಗ ಅಂಗಡಿಯವನು ಫೋನಿನಲ್ಲಿ ಹೇಳಿದ: "ಆ ಮಾಡೆಲ್ ಮುಗೀತು ಸರ್, ಇನ್ನು ಬರಲ್ಲ. ಹೊಸದು ಬಂದಿದೆ, ಮೂವತ್ತೆರಡು ಸಾವಿರ." ಅದೇ ವಾರ ಕೊಬ್ಬರಿಯೂ ಕುಸಿದಿತ್ತು. ಚಿಕ್ಕಪ್ಪ ಮನಸ್ಸಿನಲ್ಲೇ ಭಾಗಿಸಿ, ಒಂಬತ್ತು ಕ್ವಿಂಟಲ್ ಎಂದು ಗೊಣಗಿ ಕೂತುಬಿಟ್ಟ. ರೇಟು ಮತ್ತೆ ಏರುವವರೆಗೆ ಕಾಯೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ನನಗೆ ಎಲ್ಲಿತ್ತೋ ಸಿಟ್ಟು ಬಂತು.

"ರೇಟು ಬರೋ ಹೊತ್ಗೆ ನಾನಿರಲ್ಲ. ನೀನೂ ನಿನ್ನ ಕೊಬ್ಬರಿನೂ ಇಲ್ಲೇ ಆಡ್ಕಂಡಿರಿ" ಎಂದು ಎದ್ದುಹೋದೆ. ನಾನೂ ಕಾದವಳೇ ಎಂಬುದನ್ನು ಅನುಕೂಲವಾಗಿ ಮರೆತಿದ್ದೆ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಸದ್ದು. ಹರಾಜಿನ ದಿನವಲ್ಲ. ಬಂದಿದ್ದದ್ದು ಅದೇ ಬಾಗಿಲ ವ್ಯಾಪಾರಿಯ ಟೆಂಪೋ. ಚಿಕ್ಕಪ್ಪ ಹಿತ್ತಿಲಿಗೆ ಓಡಿರಲಿಲ್ಲ. ತಾನೇ ಮುಂದೆ ನಿಂತು ಚೀಲ ಎತ್ತಿಸುತ್ತಿದ್ದ. ನನ್ನ ಮುಖ ನೋಡದೆ ಶರಟು ಹಾಕಿಕೊಂಡು ಬೆಂಗಳೂರಿನ ರೈಲಿಗೆ ಹೊರಟ.

ಮಾರನೆಯ ದಿನ ಮಧ್ಯಾಹ್ನ ಹೊಳೆಯುವ ಪೆಟ್ಟಿಗೆಯೊಂದಿಗೆ ಬಂದ. ಚಿಕ್ಕಮ್ಮನ ಹೊಲಿಗೆ ಮಿಷನ್ನಿನ ಸ್ಕ್ರೂಡ್ರೈವರಿನಿಂದ ಕಂಪ್ಯೂಟರು ಬಿಚ್ಚಿ ನಾನು ಕಾರ್ಡು ಕೂರಿಸಿದೆ. ಆಟ ಶುರುವಾಯಿತು. ಅಯ್ಯೋ, ಏನು ಹೇಳಲಿ! ರಸ್ತೆ ನೀರಿನ ಹಾಗೆ ಹರಿಯಿತು. ಮಳೆಯಲ್ಲಿ ತೊಯ್ದ ಡಾಂಬರಿನ ಮೇಲೆ ದೀಪಗಳ ಬೆಳಕು ನಡುಗುತ್ತಿತ್ತು, ಬಾನೆಟ್ಟಿನ ಮೇಲೆ ಹನಿಗಳು ಹಿಂದಕ್ಕೆ ಓಡುತ್ತಿದ್ದವು. ಚಿಕ್ಕಮ್ಮ ಸೌಟು ಹಿಡಿದೇ ಬಂದು ಪರದೆ ಒದ್ದೆಯಾಗಿದೆಯೇ ಎಂದು ಬೆರಳಿಂದ ಮುಟ್ಟಿ ನೋಡಿದಳು. ನಾನು ನಗುತ್ತಿದ್ದೆನೋ ಕೂಗುತ್ತಿದ್ದೆನೋ ತಿಳಿಯದು. ಚಿಕ್ಕಪ್ಪ ಪಕ್ಕದಲ್ಲಿ ಪ್ರತಿ ತಿರುವಿಗೂ ವಾಲುತ್ತಿದ್ದ.

ಅರ್ಧ ದಾರಿಯಲ್ಲಿ ಕೇಳಿದೆ: "ಕೊಬ್ಬರಿ ಯಾವ ರೇಟ್ಗೆ ಹೋಯ್ತು ಚಿಕ್ಕಪ್ಪ?"

"ಕೇಳ್ಲಿಲ್ಲ ಕಣವ್ವ. ಕೊಟ್ಟಷ್ಟು ಇಸ್ಕಂಡೆ."

ನನ್ನ ಕಣ್ಣು ತುಂಬಿ ಪರದೆಯೆಲ್ಲ ಮಂಜಾಯಿತು. ಕಾರು ಭರ್ರನೆ ಹೋಗಿ ಗೋಡೆಗೆ ಗುದ್ದಿತು.

"ಲೇ, ಬ್ರೇಕು! ಬ್ರೇಕು ಹಾಕೇ!" ಎಂದು ಚಿಕ್ಕಪ್ಪ ಕಿರುಚಿದ.