ಪೆಟ್ಟಿಗೆಯ ಬಿಳಿ ಅರಿವೆ

ಬೆಳಿಗ್ಗೆ ಎದ್ದು ಅಂಗಳ ಗುಡಿಸಿದೆ, ನೀರು ತುಂಬಿದೆ, ಅವ್ವನ ಹಳೆಯ ಸೀರೆಗೆ ತೇಪೆ ಹಾಕಿದೆ, ರೊಟ್ಟಿ ಬಡಿದು ಬುತ್ತಿ ಕಟ್ಟಿಕೊಂಡು, ಈಗ ನಾನೇ ಹೊಲಿಗೆ ಕಲಿಸುವ ಶಾಲೆಗೆ ಹೋದೆ. ಅಲ್ಲಿ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟೆ. ಒಬ್ಬ ಹುಡುಗಿ ಕತ್ತರಿಯನ್ನು ಅಡ್ಡಾದಿಡ್ಡಿ ಹಿಡಿದಿದ್ದಳು. ಅವಳ ಬೆರಳು ಸರಿಪಡಿಸುವಾಗ ನಮ್ಮ ಹೊಲಿಗೆ ಅಕ್ಕೋರ ಹೆಬ್ಬೆರಳು ಕಣ್ಣ ಮುಂದೆ ಬಂತು. ಕತ್ತರಿಯ ಹಿಡಿ ಕೂತು ಕೂತು ಆ ಬೆರಳಿನ ಗೆಣ್ಣಿನ ಮೇಲೆ ತಗ್ಗು ಬಿದ್ದಿತ್ತು. ನೊಗ ಹೊತ್ತ ಎತ್ತಿನ ಹೆಗಲಿನ ಹಾಗೆ ಅಲ್ಲಿಯ ಚರ್ಮ ಕಪ್ಪಗೆ, ಗಟ್ಟಿಯಾಗಿತ್ತು.

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ಇವರು ಮುಸಲ್ಮಾನರು. ಗಂಡ ಕ್ಯಾಸಲ್‌ರಾಕ್‌ನಲ್ಲಿ ರೈಲ್ವೆ ನೌಕರಿಯಲ್ಲಿದ್ದವರು, ಚಳಿಜ್ವರದಲ್ಲಿ ತೀರಿಕೊಂಡರು. ಮಕ್ಕಳಿಲ್ಲದ ಅಕ್ಕೋರು ಒಂದು ಯಂತ್ರ, ಒಂದು ತಗಡಿನ ಪೆಟ್ಟಿಗೆ ತೆಗೆದುಕೊಂಡು ಹಳಿಯಾಳದ ಅಣ್ಣನ ಮನೆಗೆ ಬಂದರು. ಅಣ್ಣ ಕಟ್ಟಿಗೆ ವ್ಯಾಪಾರಿ. ಹಜ್ ಮಾಡಿ ಬಂದವರಾದ್ದರಿಂದ ಊರಿಗೆಲ್ಲ ಹಾಜಿಸಾಹೇಬರು.

ಮ್ಯಾಟ್ರಿಕ್ ಮುಗಿಸಿದ ಮಕ್ಕಳಿಗೆ ಮುಂದೆ ಓದುವ ದಾರಿಯೂ ಇರಲಿ, ದುಡಿದು ತಿನ್ನುವ ದಾರಿಯೂ ಇರಲಿ ಎಂದು ನಮ್ಮ ಹೆಡ್‌ಮಾಸ್ತರರು ಆಗ ಕೈಕೆಲಸದ ತರಗತಿ ಹಚ್ಚಿದ್ದರು. ಹುಡುಗರಿಗೆ ಬಡಿಗತನ, ನಮಗೆ ಹೊಲಿಗೆ. ಮನೆಯವರು ಮೂಗು ಮುರಿದರು. ಅಕ್ಕೋರು ಮನೆಮನೆಗೆ ಹೋಗಿ ಕೇಳಿದರು. ನಮ್ಮಪ್ಪ ತೀರಿಕೊಂಡು, ನಾನೂ ಅವ್ವನೂ ಅಪ್ಪನ ತಮ್ಮನಾದ ಕಾಕಾನ ಆಶ್ರಯದಲ್ಲಿದ್ದೆವು. ಕಾಕಾ ಹೊಸ್ತಿಲಲ್ಲೇ ತಡೆದು ಕೇಳಿದರು.

"ನಮ್ಮ ಹುಡುಗಿ ಏನ್ ಅಂಗಡ್ಯಾಗ ಕುಂತು ಮಂದಿ ಅಂಗಿ ಹೊಲಿಬೇಕೇನ್ರಿ?"

"ಅಂಗಡ್ಯಾಗ ಬ್ಯಾಡ್ರಿ, ಸಾಲ್ಯಾಗ ಕುರ್ಚಿ ಮ್ಯಾಲೆ ಕುಂಡ್ರಲಿ. ನಾ ಕುಂತೇನಲ್ಲ, ಏನ್ ಸವದೀನಿ?"

ಕಾಕಾ ನಕ್ಕುಬಿಟ್ಟರು. ಹಾಗೆ ನಾನು ಹೊಲಿಗೆಗೆ ಸೇರಿದೆ.

ಅಕ್ಕೋರು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದರು. ಕಿವಿಯ ಮೇಲೆ ದಾರದ ಎಳೆ ಇರುತ್ತಿತ್ತು. ನಮ್ಮ ಕೆಲಸವನ್ನು ಒಳಮೈ ತಿರುವಿ ನೋಡದೆ ಕೆಳಗಿಡುತ್ತಿರಲಿಲ್ಲ. ನಾನು ಹೊಲಿದ ಮೊದಲ ತೋಳನ್ನು ಎತ್ತಿ ಹಿಡಿದು, "ಇದನ್ನ ಹಾಕ್ಕೊಂಡಾವಗ ದುವಾಕ್ಕೂ ಕೈ ಎತ್ತಾಕ ಬರಂಗಿಲ್ಲ, ತುತ್ತಿಗೂ ಬರಂಗಿಲ್ಲ" ಅಂದಿದ್ದರು. ಬಿಚ್ಚಿ ಮತ್ತೆ ಹೊಲಿಯುವ ತನಕ ಪಕ್ಕ ಬಿಟ್ಟು ಏಳಲಿಲ್ಲ.

ಅಷ್ಟರಲ್ಲಿ ಯುದ್ಧ ಬಂತು, ಬಟ್ಟೆಗೆ ಕಂಟ್ರೋಲು ಬಂತು, ಸರ್ಕಾರದ ಚೀಟಿ ಇಲ್ಲದೆ ಒಂದು ಮೊಳವೂ ಸಿಗದು. ಉಡಲಿಕ್ಕೇ ಸಾಲದ ಬಟ್ಟೆ ಕಲಿಯುವವರಿಗೆ ಎಲ್ಲಿಂದ ಸಿಗಬೇಕು? ನಾವು ಹಳೆಯ ಪತ್ರಿಕೆಗಳ ಮೇಲೆ ಗೆರೆ ಎಳೆದು ಕತ್ತರಿಸಿದೆವು, ಕಾಗದದ ಕುಪ್ಪಸಕ್ಕೆ ಕಾಗದದ ತೋಳು ಹಚ್ಚಿದೆವು. ಗೆರೆ ತಪ್ಪದೆ ಕತ್ತರಿಸುವುದು ನನಗೆ ಬಂತು. ಆದರೆ ಸರ್ಕಾರದ ಹೊಲಿಗೆ ಪರೀಕ್ಷೆ ಧಾರವಾಡದಲ್ಲಿ. ಅಲ್ಲಿ ನಿಜವಾದ ಬಟ್ಟೆ ಕೊಡುತ್ತಾರೆ. ಅದರಲ್ಲಿ ಪಾಸಾದರೆ ಟ್ರೇನಿಂಗ್ ಕಾಲೇಜಿನಲ್ಲಿ ನನಗೆ ಜಾಗ, ಊಟ, ವಸತಿ. ಇಲ್ಲದಿದ್ದರೆ ಕಾಕಾ ನೋಡಿಟ್ಟ ಮುಂಡಗೋಡದ ವರ. ಆತನ ಮೊದಲ ಹೆಂಡತಿ ತೀರಿಕೊಂಡಿದ್ದಳು, ಆತನ ಮಗಳು ನನ್ನ ವಯಸ್ಸಿನವಳು. ಕಾಕಾ ಕೆಟ್ಟವರಲ್ಲ, ಅವರಿಗೂ ಸಾಕುವ ಬಾಯಿಗಳು ಹೆಚ್ಚಾಗಿದ್ದವು. "ಈ ಸಲ ಸರ್ಟಿಫಿಕೇಟು ಬರಲಿಲ್ಲಂದ್ರ ಸಾಲಿ ಸಾಕು" ಅಂದಿದ್ದರು.

ಪರೀಕ್ಷೆ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಅಕ್ಕೋರು ನನ್ನನ್ನು ಮನೆಗೆ ಕರೆದರು. ಚಾಪೆಯ ಮೇಲೆ ಬಿಳಿಯ ಬಟ್ಟೆ ಹಾಸಿತ್ತು. ಅಷ್ಟು ಉದ್ದದ ಹೊಸ ಬಟ್ಟೆಯನ್ನು ನಾನು ವರ್ಷಗಳಿಂದ ನೋಡಿರಲಿಲ್ಲ.

"ಕತ್ತರಸು," ಅಂದರು.

ಕಾಗದ ಹಾಸಿದಲ್ಲೇ ಇರುತ್ತದೆ. ಬಟ್ಟೆ ಕತ್ತರಿಯ ಬಾಯಿಂದ ಜಾರಿತು. ಕಾಗದ ಎಳೆದರೆ ಹರಿಯುತ್ತದೆ, ಬಟ್ಟೆ ಓರೆಯಲ್ಲಿ ಎಳೆದಷ್ಟೂ ಹಿಗ್ಗುತ್ತದೆ. ಇದು ನನಗೆ ಗೊತ್ತೇ ಇರಲಿಲ್ಲ. ನಾನು ಕತ್ತರಿಸಿದ ಕುತ್ತಿಗೆ ಕೈಯಲ್ಲಿ ಹಿಡಿಯುವುದರೊಳಗೆ ಅಗಲವಾಯಿತು.

"ಇದರಾಗ ಕ್ಯಾಸಲ್‌ರಾಕ್ ಗಾಡಿ ಹೊಕ್ಕು ಹೊರಗ ಬರತೈತಿ," ಎಂದು ಅಕ್ಕೋರು ನಕ್ಕರು. ಆಗಲೇ ಹಾಜಿಸಾಹೇಬರು ಊಟಕ್ಕೆ ಬಂದದ್ದು. ನೆಲದ ಮೇಲಿನ ಬಿಳಿ ಚೂರುಗಳನ್ನು ನೋಡಿ ನಿಂತರು. ಒಂದು ಚೂರನ್ನು ಎತ್ತಿ ಮೂಸಿ ನೋಡಿದರು.

"ಪೆಟಗಿ ಒಳಗಿಂದೇನು ಇದು?"

"ಹೌದು ಭಾಯಿ."

"ನಿನ್ನ ಕಫನ್ ಅದು. ಮೆಕ್ಕಾದಾಗ ನಾನ ಝಮ್‌ಝಮ್ ನೀರಾಗ ಅದ್ದಿ ತಂದದ್ದು. ನಿನಗೊಂದು, ನನಗೊಂದು."

"ಮಣ್ಣಿಗೆ ಹೋಗೂ ಅರಿವಿಗೆ ಏನ್ ಅವಸರ? ಈ ಹುಡುಗಿಗೆ ಅವಸರ ಐತಿ."

ಹಾಜಿಸಾಹೇಬರು ಉಣ್ಣದೆ ಹೊರಟುಹೋದರು. ನಾನು ಕತ್ತರಿ ಕೆಳಗಿಟ್ಟೆ. ಸತ್ತ ಮೇಲೆ ಹೊದಿಸಲು ಕಾದಿಟ್ಟ ಬಟ್ಟೆ ಎಂದು ಗೊತ್ತಾದ ಮೇಲೆ ಕೈ ಏಳಲಿಲ್ಲ.

"ನಾ ಒಲ್ಲೆರಿ ಅಕ್ಕೋರ."

"ಒಲ್ಲಿ? ಹಂಗಾರ ಮುಂಡಗೋಡಕ್ಕ ಹೋಗಿ ನಿನ್ನ ಓರಗಿ ಮಗಳ ತಲಿ ಬಾಚಕೋತ ಕುಂಡ್ರು." ಬೈದರು, ಬೈಯುತ್ತಲೇ ನನ್ನ ಬೆರಳು ಹಿಡಿದು ಕತ್ತರಿಯೊಳಗೆ ಸೇರಿಸಿದರು. "ಅರಿವಿ ಎಳೀಬ್ಯಾಡ ನಮ್ಮವ್ವ. ಅದು ಹೆಂಗ ಬಿದ್ದೈತಿ, ಹಂಗ ಬೀಳಾಕ ಬಿಡು."

ಆ ಬಟ್ಟೆ ಮುಗಿಯುವ ಹೊತ್ತಿಗೆ ನನ್ನ ಕೈ ಕೂತಿತ್ತು. ಹೊಲಿದದ್ದೆಲ್ಲ ಕೂಸುಗಳ ಅಂಗಿ, ಕುಂಚಿಗೆ. ಓಣಿಯಲ್ಲಿ ಹಡೆದವರ ಮನೆಗೆ ಹೋದವು.

ನಾನು ಪಾಸಾದೆ. ಹೇಳಲು ಓಡಿದಾಗ ಅಕ್ಕೋರು ಹಾಸಿಗೆಯಲ್ಲಿದ್ದರು. ಗಂಡನನ್ನು ಒಯ್ದ ಅದೇ ಚಳಿಜ್ವರ. ಹಲ್ಲು ಕಟಕಟ ಅನ್ನುತ್ತಿದ್ದರೂ ಕೇಳಿದ್ದು ಒಂದೇ: "ಒಳಮೈ ತಿರುವಿ ನೋಡಿದ್ರೇನು?"

"ನೋಡಿದ್ರು ಅಕ್ಕೋರ."

"ಮತ್ತ?"

"ಏನೂ ಅನ್ನಲಿಲ್ಲರಿ."

"ಅನ್ನಲಿಲ್ಲಂದ್ರ ಛಲೋ ಆಗೈತಿ," ಎಂದು ಕಣ್ಣು ಮುಚ್ಚಿದರು.

ಜ್ವರ ಬಿಟ್ಟು ಬಿಟ್ಟು ಬಂತು. ನಾನು ಧಾರವಾಡಕ್ಕೆ ಹೊರಡುವ ವಾರ, ಬೆಳಗಿನ ಹೊತ್ತು, ಅಕ್ಕೋರು ಹೋದರು.

ಅಂಗಡಿಯಲ್ಲಿ ಬಟ್ಟೆ ಇರಲಿಲ್ಲ. ತಾಲೂಕಿನ ಅಧಿಕಾರಿ ಮಾಮಲೇದಾರರ ಚೀಟಿ ತೋರಿಸಿದರೆ ಎಲ್ಲಿಂದಾದರೂ ತರಿಸಬಹುದಿತ್ತು, ಅವರು ದಾಂಡೇಲಿ ಕಡೆ ತಿರುಗಾಟಕ್ಕೆ ಹೋಗಿದ್ದರು. ಹಾಜಿಸಾಹೇಬರು ಒಳಗೆ ಹೋಗಿ ತಮ್ಮ ಪೆಟ್ಟಿಗೆ ತೆರೆದರು. ತಮ್ಮ ಬಟ್ಟೆಯನ್ನು ತಂದು ಮೈ ತೊಳೆಯಲು ಬಂದಿದ್ದ ಮುದುಕಿಯ ಕೈಗೆ ಕೊಟ್ಟರು.

"ನಿಮಗರೀ?" ಎಂದಳು ಆಕೆ.

"ಕಂಟ್ರೋಲ್ ಮುಗಿಯೂತನ ನಾ ಸಾಯೂದಿಲ್ಲ ತಗೋ," ಎಂದು ಗೋಡೆಯ ಕಡೆ ತಿರುಗಿದರು.

ಮುದುಕಿ ಬಟ್ಟೆಯನ್ನು ಮೊಳ ಹಾಕಿ ಅಳೆದು ತಲೆ ಅಲ್ಲಾಡಿಸಿದಳು. ಗಂಡಸರ ಕಫನಿಗೆ ಮೂರು ತುಂಡು, ಹೆಂಗಸರಿಗೆ ಐದು. ತಲೆಗೂ ಎದೆಗೂ ಬೇರೆ ಬೇಕು. ಈ ಬಟ್ಟೆ ಸಾಲದು. ಕಫನಿಗೆ ಹೊಲಿಗೆ ಹಾಕುವಂತಿಲ್ಲ, ಆದ್ದರಿಂದ ಚೂರು ಜೋಡಿಸುವ ಮಾತೇ ಇಲ್ಲ. ಹಾಜಿಸಾಹೇಬರು ಬಾಗಿಲ ಬಳಿ ನಿಂತಿದ್ದ ನನ್ನನ್ನು ನೋಡಿದರು.

"ಆಕಿ ನಿನಗ ಕಲಿಸ್ಯಾಳಲ್ಲ. ನೀ ನೋಡವ್ವಾ."

ನಾನು ಮೊದಲು ಹಳೆಯ ಪತ್ರಿಕೆಗಳನ್ನು ಹಾಸಿ ಅಂದಾಜು ಮಾಡಿದೆ. ಜ್ವರದಲ್ಲಿ ಅಕ್ಕೋರು ಇಷ್ಟೇ ಇಷ್ಟಾಗಿದ್ದರು, ಅದರಿಂದ ಸ್ವಲ್ಪ ಉಳಿಯಿತು. ಅಂಗಿಯಂತೆ ತೊಡಿಸುವ ತುಂಡನ್ನು ಒಂದು ಗೇಣು ಗಿಡ್ಡ ಹಿಡಿದು ತಲೆಯ ತುಂಡು ಹೊಂದಿಸಿದೆ, ಅಂಚಿನಿಂದ ಎದೆಯ ಪಟ್ಟಿ ತೆಗೆದೆ. ಬಟ್ಟೆಯನ್ನು ಎಳೆಯದೆ, ಬಿದ್ದ ಹಾಗೆ ಬೀಳಲು ಬಿಟ್ಟೆ. ಅವರದೇ ಕತ್ತರಿ. ಐದೂ ತುಂಡು ಬಂದವು. ಅಂಗೈಯಗಲದ ಚೂರೂ ಉಳಿಯಲಿಲ್ಲ.

ಮುದುಕಿ ತುಂಡುಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಆ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಸಂಜೆ ಅವ್ವ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಲೆ ಮಾಡಿದಳು. ಬುಟ್ಟಿಯನ್ನು ಹಾಜಿಸಾಹೇಬರ ಮನೆಗೆ ಹೊತ್ತುಕೊಂಡು ಹೋದವರು ಕಾಕಾ. ಅವರು ತಿರುಗಿ ಬಂದ ಮೇಲೆ ಉಳಿದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಮುರಿದುಕೊಂಡು ಮನೆಮಂದಿ ತಿಂದೆವು. ಮುಂಡಗೋಡದ ಮಾತನ್ನು ಯಾರೂ ಎತ್ತಲಿಲ್ಲ. ಎಲ್ಲರಿಗಿಂತ ಮೊದಲು ನಿದ್ದೆ ಹತ್ತಿದ್ದು ನನಗೇ, ಉಂಡ ಕೈ ತೊಳೆಯುವ ಮೊದಲೇ. ಅವ್ವ ಒದ್ದೆ ಅರಿವೆಯಿಂದ ನನ್ನ ಬೆರಳುಗಳನ್ನು ಒರೆಸಿ ಹೊದಿಸಿದಳಂತೆ.